ಜಾಂಬಿ ಆಟದಲ್ಲಿ ಪ್ರಾಣ ಕೊಡುವ ಮುನ್ನ

ಮಣೆ ಹಾಸಿ, ಎಲ್ಲರೂ ಒಂದೇ ಪಕ್ಷವಾಗಿ ಕೂತು ಆಡುವ ಆಟದಲ್ಲಿ ಜಗಳ ಎಲ್ಲಿಂದ ಹುಟ್ಟುತ್ತದೆ ಎಂದು ಆಡದವರು ಕೇಳುತ್ತಾರೆ. ಆಡಿದವರಿಗೆ ಅದು ಗೊತ್ತು. ಜಾಂಬಿಗಳು, ಅಂದರೆ ಸತ್ತ ಮೇಲೂ ಎದ್ದು ನಡೆದಾಡುವ ಹೆಣಗಳು, ಬಾಗಿಲಿಗೆ ಬಂದಿವೆ. ಐವರು ಪಾರಾಗಬಹುದು, ಒಬ್ಬರು ಹಿಂದೆ ಉಳಿಯಬೇಕು. ‘ನಾನು ಉಳಿಯುತ್ತೇನೆ’ ಎಂದು ಒಬ್ಬರು ಹೇಳುತ್ತಾರೆ. ‘ಬೇಕೆಂದೇ ಸಾಯುವುದಕ್ಕೆ ನಿಯಮದಲ್ಲಿ ಅವಕಾಶವಿಲ್ಲ’ ಎಂದು ಇನ್ನೊಬ್ಬರು ತಡೆಯುತ್ತಾರೆ. ‘ಅವಕಾಶ ಇದೆ, ಆದರೆ ಸಾಯಬೇಕಾದವರು ನೀವಲ್ಲ, ಅವರು’ ಎಂದು ಮೂರನೆಯವರು ಬೆರಳು ತೋರಿಸುತ್ತಾರೆ. ಅಲ್ಲಿಂದಾಚೆ ಬಹಳ ಹೊತ್ತು ಯಾರೂ ದಾಳ ಮುಟ್ಟುವುದಿಲ್ಲ.

ತುಮಕೂರಿನ ಸೋಮೇಶ್ವರಪುರಂನಲ್ಲಿ ಒಂದು ಮನೆಯ ಮಹಡಿಯ ಮೇಲೆ ನಾವು ಸೇರುತ್ತೇವೆ. ಹಾಸ್ಟೆಲಿನ ಹುಡುಗರು, ಬೆಂಗಳೂರಿನ ಕೆಲಸದಿಂದ ಶನಿವಾರ ರೈಲು ಹತ್ತಿ ಬರುವವರು, ಅವರ ಅಕ್ಕ ಭಾವಂದಿರು, ರಜೆಗೆ ಬಂದ ಮಕ್ಕಳು, ಒಮ್ಮೊಮ್ಮೆ ಮನೆಯ ಹಿರಿಯರು ಹೀಗೆ ಗುಂಪು ವಾರವಾರವೂ ಬದಲಾಗುತ್ತದೆ. ಒಬ್ಬರ ಮನಸ್ಸು ಇನ್ನೊಬ್ಬರಿಗೆ ತಿಳಿದಿರುತ್ತದೆ ಎಂದು ನಂಬಿ ಕೂರುವಂತಿಲ್ಲ. ಆದ್ದರಿಂದ ಆತ್ಮಾರ್ಪಣೆಯ ಪ್ರಶ್ನೆ ಬಂದಾಗ ಏನು ಮಾಡಬೇಕೆಂಬುದನ್ನು ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೆದಿದ್ದೇನೆ. ಎಲ್ಲ ಹೆಜ್ಜೆಗಳ ಹಿಂದೆಯೂ ಇರುವುದು ಒಂದೇ ಮಾತು: ಪ್ರಾಣ ಕೊಡುವ ಹಕ್ಕು ಆ ಕಾಯಿಯನ್ನು ಹಿಡಿದವರದು. ಕೊಡುತ್ತೇನೆ ಎನ್ನಬಹುದು, ಕೊಡು ಎನ್ನಬಾರದು.

ನಮ್ಮ ಕಡೆಯ ಹಳೆಯ ದೇವಸ್ಥಾನಗಳ ಕಲ್ಲು ಜಗಲಿಯ ಮೇಲೆ ಗೆರೆ ಕೊರೆದಿರುವ ಹುಲಿ-ಕುರಿ ಆಟವನ್ನು ನೆನೆಯಿರಿ. ಹುಲಿಯನ್ನು ಕಟ್ಟಿಹಾಕಲು ಒಂದೆರಡು ಕುರಿಗಳನ್ನು ಬಾಯಿಗೆ ಕೊಡುವುದು ಅಲ್ಲಿ ಜಾಣತನ. ಯಾರಿಗೂ ನೋವಾಗುವುದಿಲ್ಲ, ಏಕೆಂದರೆ ಎಲ್ಲ ಕುರಿಗಳೂ ಒಬ್ಬರದೇ. ಜಾಂಬಿ ಆಟದಲ್ಲಿ ಒಂದೊಂದು ಕುರಿಯ ಹಿಂದೆಯೂ ಒಬ್ಬೊಬ್ಬರು ಕೂತಿರುತ್ತಾರೆ. ತಂತ್ರ ಅದೇ ಆದರೂ ನಡೆದುಕೊಳ್ಳುವ ರೀತಿ ಬೇರೆ ಆಗಲೇಬೇಕು.

ಮೊದಲ ಹೆಜ್ಜೆ: ಪೆಟ್ಟಿಗೆ ಯಾವುದು, ಆವೃತ್ತಿ ಯಾವುದು

ಅರ್ಧ ಜಗಳ ಇಲ್ಲೇ ಮುಗಿಯುತ್ತದೆ. ಹೆಚ್ಚು ಜನ ಆಡುವ ಜಾಂಬಿಸೈಡ್ ಎಂಬ ಆಟ ಮೊದಲು ಬಂದದ್ದು 2012ರಲ್ಲಿ. ಅದರ ಎರಡನೆಯ ಆವೃತ್ತಿ 2021ರದು. ಮೊದಲನೆಯದರಲ್ಲಿ ಎರಡು ಗಾಯಕ್ಕೆ ಪಾತ್ರ ಸಾಯುತ್ತದೆ, ಎರಡನೆಯದರಲ್ಲಿ ಮೂರು ಗಾಯಕ್ಕೆ. ಸಾಯುವುದೋ ಬೇಡವೋ ಎಂದು ಲೆಕ್ಕ ಹಾಕುವವರಿಗೆ ಈ ಒಂದು ಗಾಯದ ವ್ಯತ್ಯಾಸ ಸಣ್ಣದಲ್ಲ.

ಗುಂಡು ಹಾರಿಸುವ ನಿಯಮದಲ್ಲಿ ವ್ಯತ್ಯಾಸ ಇನ್ನೂ ದೊಡ್ಡದು. ಗೆಳೆಯ ನಿಂತಿರುವ ಚೌಕಕ್ಕೆ ನೀವು ಗುಂಡು ಹೊಡೆಯುತ್ತೀರಿ ಎನ್ನಿ. ಮೊದಲ ಆವೃತ್ತಿಯಲ್ಲಿ ಗುರಿ ತಾಗಿದ ಏಟುಗಳು ಮೊದಲು ಗೆಳೆಯನಿಗೇ ಬೀಳುತ್ತವೆ, ಆಮೇಲೆ ಜಾಂಬಿಗಳಿಗೆ. ಗರ ಚೆನ್ನಾಗಿ ಬಿದ್ದಷ್ಟೂ ಗೆಳೆಯನಿಗೆ ಕೇಡು. ಎರಡನೆಯ ಆವೃತ್ತಿಯಲ್ಲಿ ಗುರಿ ತಪ್ಪಿದ ಏಟುಗಳು ಗೆಳೆಯನಿಗೆ ತಾಗುತ್ತವೆ. ಗರ ಚೆನ್ನಾಗಿ ಬಿದ್ದರೆ ಆತ ಬದುಕುತ್ತಾನೆ. ‘ನನ್ನ ಮೇಲೆ ಹೊಡೆಯಿರಿ, ಪರವಾಗಿಲ್ಲ’ ಎಂಬ ಮಾತಿಗೆ ಒಂದು ಪೆಟ್ಟಿಗೆಯಲ್ಲಿ ಸಾವಿಗೆ ಹತ್ತಿರವೆಂದೂ ಇನ್ನೊಂದರಲ್ಲಿ ಸಣ್ಣ ಅಪಾಯವೆಂದೂ ಅರ್ಥವಾಗುತ್ತದೆ. ಒಬ್ಬರು ಹೊಸ ಆವೃತ್ತಿಯ ವಿಡಿಯೋ ನೋಡಿಕೊಂಡು ಬಂದು ಹಳೆಯ ಪೆಟ್ಟಿಗೆಯ ಮುಂದೆ ಕೂತರೆ ತಕರಾರು ತಪ್ಪಿದ್ದಲ್ಲ. ಆಟ ಹಾಸುವಾಗಲೇ ಆವೃತ್ತಿಯನ್ನು ಜೋರಾಗಿ ಹೇಳಿ.

ಎರಡನೆಯ ಹೆಜ್ಜೆ: ನಿಯಮ ಪುಸ್ತಕ ಯಾರ ಕೈಯಲ್ಲಿರಬೇಕು

ಪುಸ್ತಕ ಇಂಗ್ಲಿಷಿನಲ್ಲಿರುತ್ತದೆ. ಗುಂಪಿನಲ್ಲಿ ಎಲ್ಲರಿಗೂ ಅದು ಸಲೀಸಲ್ಲ. ಹಾಗಾಗಿ ಓದಿ ಹೇಳುವವರ ಮಾತೇ ಶಾಸನವಾಗಿಬಿಡುತ್ತದೆ. ಇದು ಚಿಕ್ಕ ವಿಷಯವಲ್ಲ. ತನ್ನ ಕಾಯಿ ಉಳಿಯಬೇಕೋ ಅಳಿಯಬೇಕೋ ಎಂಬ ಹೊತ್ತಿನಲ್ಲಿ ತಾನೇ ನಿಯಮ ಓದಿ ತಾನೇ ಅರ್ಥ ಹೇಳುವ ಸ್ಥಾನದಲ್ಲಿ ಯಾರನ್ನೂ ಕೂರಿಸಬಾರದು. ಅವರು ಎಷ್ಟೇ ಪ್ರಾಮಾಣಿಕರಾಗಿದ್ದರೂ ಉಳಿದವರ ಮನಸ್ಸಿನಲ್ಲಿ ಒಂದು ಅನುಮಾನ ಉಳಿಯುತ್ತದೆ.

ವಿವಾದ ಎದ್ದ ಚೌಕದಲ್ಲಿ ಯಾರ ಕಾಯಿ ಇಲ್ಲವೋ ಅವರಿಗೆ ಪುಸ್ತಕ ಕೊಡಿ. ಅವರು ಇಡೀ ವಾಕ್ಯವನ್ನು ಓದಲಿ, ಬೇಕಾದ ತುಂಡನ್ನು ಮಾತ್ರವಲ್ಲ. ಆಮೇಲೆ ಕನ್ನಡದಲ್ಲಿ ಬಿಡಿಸಿ ಹೇಳಲಿ. ಮೊದಲು ನೋಡಬೇಕಾದದ್ದು ಅಂದಿನ ಸನ್ನಿವೇಶದ ಪುಟದಲ್ಲಿರುವ ವಿಶೇಷ ನಿಯಮವನ್ನು. ಕೆಲವು ಸನ್ನಿವೇಶಗಳಲ್ಲಿ ಎಲ್ಲರೂ ಜೀವಂತವಾಗಿ ಹೊರಬಿದ್ದರೆ ಮಾತ್ರ ಗೆಲುವು. ಅಂಥ ಕಡೆ ಆತ್ಮಾರ್ಪಣೆ ಎಂದರೆ ಸೋಲನ್ನು ಬೇಗ ಕರೆದಂತೆ, ಚರ್ಚೆಗೇ ಜಾಗವಿಲ್ಲ. ಆನಂತರ ಆಟದ ಎಲೆಯ (ಕಾರ್ಡಿನ) ಮೇಲೆ ಬರೆದದ್ದು, ಆನಂತರ ಸಾಮಾನ್ಯ ನಿಯಮ, ಕೊನೆಗೆ ನಿಮ್ಮ ಮನೆಯ ಪದ್ಧತಿ.

‘ಬೇಕೆಂದೇ ಸಾಯಬಹುದೇ’ ಎಂಬ ಮೂಲ ಪ್ರಶ್ನೆಗೆ ನನ್ನ ಉತ್ತರ ಇದು. ಇಂಥ ಆಟಗಳಲ್ಲಿ ಒಬ್ಬರು ತಮ್ಮ ಸರದಿಯಲ್ಲಿ ಏನೇನು ಮಾಡಬಹುದು ಎಂಬುದಕ್ಕೆ ಪಟ್ಟಿ ಇರುತ್ತದೆ: ನಡೆಯುವುದು, ಹುಡುಕುವುದು, ಬಾಗಿಲು ಒಡೆಯುವುದು, ಹೊಡೆಯುವುದು, ಸಾಮಾನು ಅದಲುಬದಲು ಮಾಡುವುದು, ಸದ್ದು ಮಾಡುವುದು. ‘ಸಾಯುವುದು’ ಆ ಪಟ್ಟಿಯಲ್ಲಿಲ್ಲ. ಆದ್ದರಿಂದ ‘ನಾನು ಸತ್ತೆ’ ಎಂದು ಕಾಯಿಯನ್ನು ಮಣೆಯಿಂದ ಎತ್ತುವಂತಿಲ್ಲ. ಪಟ್ಟಿಯಲ್ಲಿರುವ ಕೆಲಸಗಳ ಫಲವಾಗಿ ಸಾವು ಬಂದರೆ ಅದು ನ್ಯಾಯ. ಜಾಂಬಿಗಳ ನಡುವೆ ನಿಲ್ಲಬಹುದು, ಸದ್ದು ಮಾಡಿ ಅವುಗಳನ್ನು ತನ್ನತ್ತ ಸೆಳೆಯಬಹುದು, ಜೊತೆಯವರ ಗಾಯವನ್ನು ತನ್ನ ಮೇಲೆ ಎಳೆದುಕೊಳ್ಳಬಹುದು. ಜಾಂಬಿಸೈಡ್‌ನ ಮೊದಲ ಆವೃತ್ತಿಯಲ್ಲಿ ಮೊಲೊಟೊವ್ ಎಂಬ ಬೆಂಕಿ ಸೀಸೆಯನ್ನು ತಾನು ನಿಂತ ಚೌಕಕ್ಕೇ ಎಸೆಯಲೂ ಬಹುದು. ಅದರ ವ್ಯಾಪ್ತಿ ಸೊನ್ನೆಯಿಂದ ಒಂದು ಚೌಕ. ಆ ಚೌಕದಲ್ಲಿರುವ ಎಲ್ಲವೂ, ಎಸೆದವರೂ ಸೇರಿ, ಸುಟ್ಟುಹೋಗುತ್ತವೆ. ಬಂದೂಕಿನಿಂದ ತನಗೆ ತಾನೇ ಹೊಡೆದುಕೊಳ್ಳುವುದಕ್ಕೆ ಮಾತ್ರ ದಾರಿಯಿಲ್ಲ, ಹೊಡೆಯುವವರಿಗೆ ತಮ್ಮದೇ ಗುಂಡು ತಾಗದು.

ಪುಸ್ತಕ ತಿರುವಿಯೂ ಉತ್ತರ ಸಿಗದಿದ್ದರೆ ಎರಡು ನಿಮಿಷಕ್ಕೆ ನಿಲ್ಲಿಸಿ. ಆ ಚೌಕದಲ್ಲಿ ಕಾಯಿ ಇಲ್ಲದವರು ಕೈಯೆತ್ತಿ ತೀರ್ಮಾನಿಸಲಿ. ಆ ತೀರ್ಮಾನ ಆ ಸಂಜೆಯ ಮಟ್ಟಿಗೆ ಎಲ್ಲರಿಗೂ ಒಂದೇ.

ಮೂರನೆಯ ಹೆಜ್ಜೆ: ಸಾಯುವ ಮೊದಲು ಲೆಕ್ಕ

ಆವೇಶದಲ್ಲಿ ಕೊಟ್ಟ ಪ್ರಾಣಗಳಲ್ಲಿ ಎಷ್ಟೋ ವ್ಯರ್ಥ. ಅದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ, ಏಕೆಂದರೆ ಕೊಟ್ಟವರ ಮನಸ್ಸು ದೊಡ್ಡದಾಗಿರುತ್ತದೆ, ಗುಂಪು ಅದನ್ನು ಪೋಲು ಮಾಡಿರುತ್ತದೆ.

ಜಾಂಬಿಸೈಡ್‌ನ ಎರಡನೆಯ ಆವೃತ್ತಿಯನ್ನೇ ತೆಗೆದುಕೊಳ್ಳಿ. ಒಂದೇ ಚೌಕದಲ್ಲಿ ಗಾಯವಿಲ್ಲದ ಇಬ್ಬರು ನಿಂತಿದ್ದಾರೆ. ನಾಲ್ಕು ಸಾಮಾನ್ಯ ಜಾಂಬಿಗಳು, ಅಂದರೆ ವಾಕರ್‌ಗಳು ಅಲ್ಲಿಗೆ ನುಗ್ಗಿವೆ. ಜಾಂಬಿಗಳಿಗೆ ದಾಳವಿಲ್ಲ, ಕಚ್ಚಿದರೆ ತಪ್ಪುವುದೇ ಇಲ್ಲ, ತಲಾ ಒಂದು ಗಾಯ. ನಾಲ್ಕು ಗಾಯಗಳನ್ನು ಆ ಚೌಕದವರು ತಮಗೆ ಬೇಕಾದಂತೆ ಹಂಚಿಕೊಳ್ಳಬಹುದು. ಎರಡು ಎರಡಾಗಿ ಹಂಚಿದರೆ ಇಬ್ಬರೂ ಬದುಕುತ್ತಾರೆ. ‘ನಾಲ್ಕೂ ನನಗಿರಲಿ’ ಎಂದವರು ಸುಮ್ಮನೆ ಸತ್ತಂತೆ. ಈಗ ಐದು ವಾಕರ್ ಬಂದವು ಎನ್ನಿ. ಹೇಗೆ ಹಂಚಿದರೂ ಒಬ್ಬರಿಗೆ ಮೂರು ಬಿದ್ದೇ ಬೀಳುತ್ತದೆ. ಸಾವು ತಪ್ಪದು ಎಂದಾದ ಮೇಲೆ ಇನ್ನೊಬ್ಬರಿಗೆ ಎರಡು ಗಾಯ ಏಕೆ? ಐದನ್ನೂ ಒಬ್ಬರೇ ತೆಗೆದುಕೊಂಡರೆ ಮತ್ತೊಬ್ಬರು ಗೀರೂ ಇಲ್ಲದೆ ಹೊರಡುತ್ತಾರೆ. ಇಲ್ಲಿ ಆತ್ಮಾರ್ಪಣೆಗೆ ಬೆಲೆ ಇದೆ.

ಈ ಜಾಗದಲ್ಲೇ ಒಂದು ಹಳೆಯ ತಕರಾರು ತಲೆಯೆತ್ತುತ್ತದೆ. ಮೂರಕ್ಕೇ ಸತ್ತವರ ಮೇಲೆ ನಾಲ್ಕನೆಯದು, ಐದನೆಯದು ಹೇಗೆ ಹಾಕುತ್ತೀರಿ, ಮಿಕ್ಕದ್ದು ಬದುಕಿರುವವರಿಗೇ ಹೋಗಬೇಕಲ್ಲವೇ ಎಂದು ಕೇಳುವವರಿದ್ದಾರೆ. ಎಲ್ಲ ಗಾಯಗಳನ್ನೂ ಒಬ್ಬರ ಮೇಲೆ ಹಾಕಿದರೂ ಸರಿ ಎಂಬುದು ಮೊದಲ ಆವೃತ್ತಿಯ ಕಾಲದಿಂದ ಬಂದ ನಿಯಮ, ನಾನು ಅದರ ಪರ. ಜಾಂಬಿಗಳು ಒಬ್ಬರ ಮೇಲೆ ಮುಗಿಬಿದ್ದಾಗ ಮತ್ತೊಬ್ಬರು ಪಾರಾದರು ಎಂಬ ಚಿತ್ರವೂ ಅದಕ್ಕೆ ಒಪ್ಪುತ್ತದೆ. ಆದರೆ ಇದನ್ನು ಆಟದ ಮೊದಲೇ ಒಪ್ಪಿಕೊಳ್ಳಿ. ಐದು ವಾಕರ್‌ಗಳು ಮಣೆಯ ಮೇಲೆ ನಿಂತಿರುವಾಗ ತತ್ತ್ವ ಚರ್ಚಿಸಿದರೆ ಎಲ್ಲರ ಮಾತಿನಲ್ಲೂ ಸ್ವಾರ್ಥದ ವಾಸನೆ ಬರುತ್ತದೆ.

ಸದ್ದು ಮಾಡಿ ಸೆಳೆಯುವವರಿಗೂ ಲೆಕ್ಕ ಬೇಕು. ಆರಂಭದ ಮಟ್ಟದಲ್ಲಿ ಸರದಿಗೆ ಮೂರು ಕೆಲಸ. ಸತ್ತವರ ಬಳಿ ಇದ್ದ ಸಾಮಾನೆಲ್ಲ ಆಟದಿಂದ ಹೋಗುತ್ತದೆ. ಆದ್ದರಿಂದ ಮೊದಲ ಕೆಲಸ, ಅದೇ ಚೌಕದಲ್ಲಿರುವ ಒಬ್ಬರಿಗೆ ಒಳ್ಳೆಯ ಆಯುಧಗಳನ್ನು ದಾಟಿಸುವುದು. ಎರಡನೆಯದು ಪಕ್ಕದ ಚೌಕಕ್ಕೆ ಹೋಗುವುದು. ಮೂರನೆಯದು ಸದ್ದು. ಮೂರಕ್ಕೆ ಮೂರೂ ಮುಗಿಯಿತು. ನಿಂತ ಚೌಕದಲ್ಲೇ ಜಾಂಬಿ ಇದ್ದರೆ ಹೊರಬರಲು ಒಂದೊಂದಕ್ಕೂ ಹೆಚ್ಚುವರಿ ಕೆಲಸ ಖರ್ಚಾಗುತ್ತದೆ, ಆಗ ಈ ಯೋಜನೆಯೇ ನಡೆಯದು. ಇನ್ನೊಂದು ಮಾತನ್ನು ಹಲವರು ಮರೆಯುತ್ತಾರೆ: ಕಣ್ಣಿಗೆ ಬಿದ್ದ ಮನುಷ್ಯರ ಕಡೆಗೇ ಜಾಂಬಿಗಳು ಮೊದಲು ನಡೆಯುತ್ತವೆ. ಯಾರೂ ಕಾಣದಿದ್ದಾಗ ಮಾತ್ರ ದೂರದ ಸದ್ದನ್ನು ಹುಡುಕಿಕೊಂಡು ಹೋಗುತ್ತವೆ. ನೀವು ಮೂಲೆಯ ಕೋಣೆಯಲ್ಲಿ ಎಷ್ಟು ಗದ್ದಲ ಮಾಡಿದರೂ ಬೀದಿಯಲ್ಲಿ ನಿಂತ ನಿಮ್ಮ ಗೆಳೆಯರು ಕಾಣುತ್ತಿದ್ದರೆ ಅವು ನಿಮ್ಮತ್ತ ತಿರುಗಿಯೂ ನೋಡುವುದಿಲ್ಲ. ಉಳಿದವರು ಮರೆಗೆ ಸರಿಯುವುದು ಖಚಿತವಾದ ಮೇಲೆ ಸದ್ದು ಮಾಡಿ.

ಅಪಾಯದ ಮಟ್ಟ ಇಳಿಸಲು ಸಾಯುವುದು ಇನ್ನೊಂದು ಬಗೆ. ಪ್ರತಿ ಪಾತ್ರಕ್ಕೂ ನೀಲಿ, ಹಳದಿ, ಕಿತ್ತಳೆ, ಕೆಂಪು ಎಂದು ನಾಲ್ಕು ಮಟ್ಟಗಳಿವೆ. 7 ಅಂಕಕ್ಕೆ ಹಳದಿ, 19ಕ್ಕೆ ಕಿತ್ತಳೆ, 43ಕ್ಕೆ ಕೆಂಪು. ಹೊಸ ಜಾಂಬಿಗಳು ಎಷ್ಟು ಬರಬೇಕೆಂಬುದು ಎಲ್ಲರಿಗಿಂತ ಮೇಲಿನ ಮಟ್ಟದಲ್ಲಿರುವ ಪಾತ್ರವನ್ನು ನೋಡಿ ತೀರ್ಮಾನವಾಗುತ್ತದೆ. ಒಬ್ಬರು ಕೆಂಪಿಗೆ ಏರಿ, ಉಳಿದವರೆಲ್ಲ ಹಳದಿಯಲ್ಲಿದ್ದರೆ ಆ ಒಬ್ಬರು ಸತ್ತೊಡನೆ ಜಾಂಬಿಗಳ ಪ್ರವಾಹ ಇಳಿಯುತ್ತದೆ. ನಿಯಮಕ್ಕೆ ಇದರಲ್ಲಿ ಯಾವ ಧಕ್ಕೆಯೂ ಇಲ್ಲ. ಆದರೂ ‘ನೀನೇ ಎಲ್ಲವನ್ನೂ ಕೊಂದು ಅಂಕ ಗುಡ್ಡೆ ಹಾಕಿಕೊಂಡೆ, ಈಗ ನೀನೇ ಹೋಗು’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅದು ಶಿಕ್ಷೆ, ಆತ್ಮಾರ್ಪಣೆಯಲ್ಲ. ಚೆನ್ನಾಗಿ ಆಡಿದವರಿಗೆ ಶಿಕ್ಷೆ ಕೊಡುವ ಮೇಜಿನಲ್ಲಿ ಮುಂದಿನ ವಾರ ಯಾರೂ ಮನಸ್ಸಿಟ್ಟು ಆಡುವುದಿಲ್ಲ. ಇದಕ್ಕೆ ಮದ್ದು ಮೊದಲೇ ಇದೆ: ಕಿತ್ತಳೆಗೆ ಹತ್ತಿರವಾದವರು ಆಯುಧ ಕೆಳಗಿಟ್ಟು ಹುಡುಕುವ, ಬಾಗಿಲು ತೆರೆಯುವ ಕೆಲಸಕ್ಕೆ ಸರಿಯಲಿ, ಹಿಂದೆ ಉಳಿದವರಿಗೆ ಬೇಟೆ ಬಿಟ್ಟುಕೊಡಲಿ.

ಡೆಡ್ ಆಫ್ ವಿಂಟರ್ ಆಡುವವರಿಗೆ ಪ್ರತ್ಯೇಕ ಲೆಕ್ಕ

2014ರಲ್ಲಿ ಬಂದ, ಚಳಿಗಾಲದಲ್ಲಿ ಜಾಂಬಿಗಳಿಂದ ಶಿಬಿರವನ್ನು ಉಳಿಸಿಕೊಳ್ಳುವ ಈ ಆಟದಲ್ಲಿ ಆತ್ಮಾರ್ಪಣೆ ನಿಯಮದೊಳಗೇ ಇದೆ. ಹೊರಗೆ ಹೋದಾಗ ಉರುಳಿಸುವ ದಾಳಕ್ಕೆ ಹನ್ನೆರಡು ಮುಖ. ಆರು ಖಾಲಿ, ಮೂರರಲ್ಲಿ ಗಾಯ, ಎರಡರಲ್ಲಿ ಹಿಮದ ಗಾಯ, ಒಂದರಲ್ಲಿ ಹಲ್ಲಿನ ಗುರುತು. ಹಲ್ಲು ಬಿತ್ತೆಂದರೆ ಆ ಪಾತ್ರ ಅಲ್ಲೇ ಸಾಯುತ್ತದೆ, ಕಡಿತ ಅದೇ ಜಾಗದಲ್ಲಿ ಪ್ರಭಾವದ ಅಂಕಿ ಅತಿ ಕಡಿಮೆ ಇರುವ ಇನ್ನೊಂದು ಪಾತ್ರಕ್ಕೆ ಹರಡುತ್ತದೆ. ಆ ಪಾತ್ರ ಯಾರದೋ ಅವರ ಮುಂದೆ ಎರಡು ದಾರಿ. ತಮ್ಮ ಪಾತ್ರವನ್ನು ತಾವೇ ಬಲಿಕೊಟ್ಟರೆ ಕಡಿತ ಅಲ್ಲಿಗೆ ನಿಲ್ಲುತ್ತದೆ. ಇಲ್ಲವೇ ಅದೇ ದಾಳ ಉರುಳಿಸಬೇಕು. ಖಾಲಿ ಮುಖ ಬಿದ್ದರೆ ಉಳಿದರು, ಬೇರೇನು ಬಿದ್ದರೂ ಸತ್ತರು, ಕಡಿತ ಮುಂದಿನವರಿಗೆ ದಾಟಿತು. ಪ್ರತಿ ಸಾವಿಗೂ ಶಿಬಿರದ ಮನೋಬಲ ಒಂದು ಇಳಿಯುತ್ತದೆ. ಸೊನ್ನೆಯಾದರೆ ಎಲ್ಲರಿಗೂ ಸೋಲು.

ಇಲ್ಲಿ ‘ಒಳ್ಳೆಯವರು ಬಲಿಯಾಗುತ್ತಾರೆ, ಹೇಡಿಗಳು ದಾಳ ಉರುಳಿಸುತ್ತಾರೆ’ ಎಂಬ ಭಾವನೆ ಮೇಜಿನ ಸುತ್ತ ಬೇಗ ಹರಡುತ್ತದೆ. ಲೆಕ್ಕ ಬೇರೆಯೇ ಹೇಳುತ್ತದೆ. ಬಲಿಕೊಟ್ಟರೆ ಖಚಿತವಾಗಿ ಒಂದು ಸಾವು. ದಾಳ ಉರುಳಿಸಿದರೆ ಎರಡನೆಯವರು ಸಾಯುವ ಸಾಧ್ಯತೆ ಅರ್ಧ, ಮೂರನೆಯವರದು ಕಾಲು, ನಾಲ್ಕನೆಯವರದು ಅರೆಕಾಲು. ಹೀಗೆ ಎಷ್ಟು ಜನರವರೆಗೆ ಕೂಡುತ್ತ ಹೋದರೂ ಸರಾಸರಿ ಒಂದು ಸಾವನ್ನು ಮುಟ್ಟುವುದಿಲ್ಲ. ತಲೆ ಎಣಿಸಿ ನೋಡಿದರೆ ದಾಳ ಉರುಳಿಸುವುದು ಯಾವಾಗಲೂ ಬಲಿಗಿಂತ ತುಸು ಮೇಲು.

ಹಾಗಾದರೆ ಬಲಿ ಯಾವಾಗ ಸರಿ? ಮನೋಬಲವನ್ನು ನೋಡಿ. ಮೊದಲ ಸಾವಿನ ನಂತರ ಅದು 2ಕ್ಕೆ ಇಳಿದಿದೆ, ಆ ಜಾಗದಲ್ಲಿ ಇನ್ನೂ ಇಬ್ಬರಿದ್ದಾರೆ ಎನ್ನಿ. ಬಲಿಕೊಟ್ಟರೆ 1 ಉಳಿಯುತ್ತದೆ, ಆಟ ಖಂಡಿತ ಮುಂದುವರಿಯುತ್ತದೆ. ಉರುಳಿಸಿದರೆ ಕಾಲುಭಾಗ ಸಾಧ್ಯತೆಯಲ್ಲಿ ಇಬ್ಬರೂ ಹೋಗಿ ಅಲ್ಲೇ ಸೋಲು. ಗೆಲುವಿಗೆ ಒಂದೇ ಸುತ್ತು ಬಾಕಿ ಇದ್ದರೆ ಬಲಿಯೇ ವಿವೇಕ. ಮನೋಬಲ 1 ಮಾತ್ರ ಉಳಿದಿದ್ದರೆ ಬಲಿಕೊಟ್ಟೊಡನೆ ಸೋಲು. ಉರುಳಿಸಿದರೆ ಅರ್ಧ ಆಸೆಯಾದರೂ ಇದೆ. ಕಡಿತದ ಸಾಲಿನಲ್ಲಿ ಕೊನೆಯವರಾಗಿದ್ದರಂತೂ ಬಲಿಗೆ ಅರ್ಥವೇ ಇಲ್ಲ, ಹಿಂದೆ ಉಳಿಸಬೇಕಾದವರು ಯಾರೂ ಇಲ್ಲ. ತಲೆಯೆಣಿಕೆಗೆ ಸಿಗದ ಇನ್ನೊಂದು ಸಂಗತಿಯೂ ಇದೆ: ಕಡಿತ ಕಡಿಮೆ ಪ್ರಭಾವದವರಿಂದ ಹೆಚ್ಚಿನವರ ಕಡೆಗೆ ಏರುತ್ತದೆ. ನಿಮ್ಮ ಹಿಂದೆ ನಿಂತಿರುವ ಪಾತ್ರವಿಲ್ಲದೆ ಅಂದಿನ ಗುರಿ ಮುಟ್ಟಲಾಗದು ಎಂದಿದ್ದರೆ ಸರಾಸರಿಯನ್ನು ಬದಿಗಿಟ್ಟು ಬಲಿಕೊಡುವುದು ತಪ್ಪಲ್ಲ.

ಈ ಆಟದಲ್ಲಿ ಪ್ರತಿಯೊಬ್ಬರಿಗೂ ಗುಟ್ಟಿನ ಗುರಿ ಇರುತ್ತದೆ. ಶಿಬಿರ ಗೆದ್ದರೂ ತನ್ನ ಗುಟ್ಟಿನ ಗುರಿ ಮುಟ್ಟದವರು ಗೆದ್ದಂತಲ್ಲ. ಒಬ್ಬರು ಬಲಿಗೆ ಒಪ್ಪದಿದ್ದರೆ ಅದಕ್ಕೆ ಅವರು ಹೇಳಲಾಗದ ಕಾರಣ ಇರಬಹುದು. ‘ಏಕೆ ಒಪ್ಪುವುದಿಲ್ಲ’ ಎಂದು ಪೀಡಿಸುವುದು ಅವರ ಎಲೆಯನ್ನು ಬಲವಂತವಾಗಿ ತಿರುಗಿಸಿದಷ್ಟೇ ತಪ್ಪು.

ಗುಂಪಿನಲ್ಲಿ ದ್ರೋಹಿ ಇರಬಹುದು ಎಂಬ ಅನುಮಾನವೂ ಇಲ್ಲಿ ಕೆಲಸ ಮಾಡುತ್ತದೆ. ದ್ರೋಹಿಗೆ ಮನೋಬಲ ಇಳಿದಷ್ಟೂ ಲಾಭ, ಹಾಗಾಗಿ ಬಲಿದಾನದ ವೇಷದಲ್ಲಿ ಹಾಳು ಮಾಡುವುದು ಅವರಿಗೆ ನ್ಯಾಯವಾದ ತಂತ್ರ. ಆದರೆ ಎಲೆಗಳ ಲೆಕ್ಕ ನೆನಪಿರಲಿ. ಐವರು ಆಡುವಾಗ ತಲಾ ಎರಡರಂತೆ ಹತ್ತು ಸಾಮಾನ್ಯ ಎಲೆ, ಅದಕ್ಕೆ ಒಂದು ದ್ರೋಹದ ಎಲೆ ಬೆರೆಸಿ ಐದನ್ನು ಹಂಚುತ್ತಾರೆ. ದ್ರೋಹಿ ಇರುವ ಸಾಧ್ಯತೆ ಹನ್ನೊಂದರಲ್ಲಿ ಐದು. ಅಂದರೆ ಇಲ್ಲದಿರುವ ಸಾಧ್ಯತೆಯೇ ಹೆಚ್ಚು. ದ್ರೋಹಿಗಳಲ್ಲದ ಇಬ್ಬರನ್ನು ಹೊರಹಾಕಿದರೆ ಮನೋಬಲ ಒಮ್ಮೆಲೇ ಸೊನ್ನೆಗೆ ಬೀಳುತ್ತದೆ. ಪ್ರಾಣ ಕೊಟ್ಟವರನ್ನೇ ದ್ರೋಹಿ ಎನ್ನುವ ಮುನ್ನ ಮೇಲೆ ಹೇಳಿದ ಲೆಕ್ಕವನ್ನು ಒಮ್ಮೆ ಮಾಡಿ: ಮನೋಬಲ 1 ಇರುವಾಗ ಬಲಿಗೆ ಮುಂದಾದರೆ ಅನುಮಾನಕ್ಕೆ ಆಧಾರವಿದೆ, 2 ಇರುವಾಗ ಮುಂದಾದರೆ ಅವರು ಬಹುಶಃ ನಿಮ್ಮನ್ನು ಉಳಿಸುತ್ತಿದ್ದಾರೆ. ದ್ರೋಹದ ಗೊಡವೆಯೇ ಬೇಡ ಎನ್ನುವವರಿಗೆ ಎಲ್ಲರೂ ಕೂಡಿ ಆಡುವ ಬದಲಿ ಪದ್ಧತಿ ಅದೇ ಪೆಟ್ಟಿಗೆಯಲ್ಲಿದೆ. ಮನೆಯವರೊಂದಿಗೆ ಮೊದಲ ಸಲ ಆಡುವಾಗ ನಾನು ಅದನ್ನೇ ಹಾಸುತ್ತೇನೆ.

ನಾಲ್ಕನೆಯ ಹೆಜ್ಜೆ: ಕೇಳುವ ಬಗೆ

ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ. ನಮ್ಮ ಮನೆಗಳಲ್ಲಿ ಹಿರಿಯರ ಮಾತಿಗೆ ಕಿರಿಯರು ಇಲ್ಲವೆನ್ನುವುದು ಕಷ್ಟ. ‘ಪುಟ್ಟ, ನಿನ್ನ ಕಾಯಿ ಹಿಂದೆ ಇದೆ, ನೀನೇ ನಿಂತುಬಿಡಪ್ಪ’ ಎಂದು ದೊಡ್ಡಪ್ಪ ಪ್ರೀತಿಯಿಂದಲೇ ಹೇಳುತ್ತಾರೆ. ಹುಡುಗ ತಲೆಯಾಡಿಸುತ್ತಾನೆ. ಆದರೆ ಅವನ ಕೈ ನೋಡಿ: ಕಾಯಿಯನ್ನು ಮುಷ್ಟಿಯಲ್ಲಿ ಹಿಡಿದಿರುತ್ತಾನೆ, ಬೆರಳ ಗಿಣ್ಣು ಬೆಳ್ಳಗಾಗಿರುತ್ತದೆ, ಮಣೆಯ ಮೇಲೆ ಇಡುವುದೇ ಇಲ್ಲ. ಮದುವೆಯಾಗಿ ಹೊಸದಾಗಿ ಬಂದ ಸೊಸೆ ಅತ್ತೆಯ ಎದುರು ‘ನಾನೇ ಹೋಗುತ್ತೇನೆ ಬಿಡಿ ಅತ್ತೆ’ ಎಂದು ನಗುತ್ತಾಳೆ. ಅದು ಆಟದ ನಿರ್ಧಾರವೋ ಮನೆಯ ನಿರ್ಧಾರವೋ ಯಾರಿಗೂ ತಿಳಿಯದು. ಎಲ್ಲ ಸಲವೂ ಚಿಕ್ಕವರೇ, ಹೊಸಬರೇ ಸಾಯುತ್ತಿದ್ದರೆ ನಿಮ್ಮ ಗುಂಪಿನಲ್ಲಿ ನಡೆಯುತ್ತಿರುವುದು ತ್ಯಾಗವಲ್ಲ.

ಹಾಗಾಗದಿರಲು ಮಾತಿನ ಸರದಿಯನ್ನು ತಿರುಗಿಸಿ. ಅಪಾಯದಲ್ಲಿರುವ ಕಾಯಿಯವರು ಮೊದಲು ಮಾತಾಡಲಿ, ಆಮೇಲೆ ಕಿರಿಯರಿಂದ ಹಿರಿಯರ ಕಡೆಗೆ. ಮನೆಯ ಹಿರಿಯರು, ಆಟವನ್ನು ಚೆನ್ನಾಗಿ ಬಲ್ಲವರು ಕೊನೆಗೆ. ಎಲ್ಲರ ಕಾಯಿಗಳನ್ನೂ ತಾವೊಬ್ಬರೇ ನಡೆಸುವ ಅನುಭವಿಗಳು ಪ್ರತಿ ಗುಂಪಿನಲ್ಲೂ ಇರುತ್ತಾರೆ. ಅವರ ಸಲಹೆ ಬಹುಪಾಲು ಸರಿಯೇ ಇರುತ್ತದೆ, ಆದರೂ ಕೊನೆಗೆ ಹೇಳಲಿ.

ಯಾರೂ ಬಾಯಿಬಿಡದ ಗುಂಪಿಗೆ ಒಂದು ಉಪಾಯ: ಹುಣಸೆ ಬೀಜ. ಚೌಕಾಬಾರ ಆಡುವ ಮನೆಯಲ್ಲಿ ಇದ್ದೇ ಇರುತ್ತದೆ, ತುಮಕೂರಿನಲ್ಲಿ ಹುಣಸೆಗೇನು ಬರ. ಎಲ್ಲರೂ ಮೇಜಿನ ಕೆಳಗೆ ಮುಷ್ಟಿ ಕಟ್ಟಲಿ. ಪ್ರಾಣ ಕೊಡಲು ಸಿದ್ಧರಿದ್ದವರು ಒಳಗೆ ಬೀಜ ಇಟ್ಟುಕೊಳ್ಳಲಿ, ಇಲ್ಲದವರು ಬರಿಗೈ. ಒಟ್ಟಿಗೆ ತೆರೆಯಿರಿ. ಒಂದೇ ಬೀಜ ಕಂಡರೆ ಅವರೇ. ಎರಡು ಮೂರು ಕಂಡರೆ ಎರಡು ಪಾತ್ರ ನಡೆಸುತ್ತಿರುವವರಿಗೆ ಆದ್ಯತೆ, ಅವರು ಒಂದು ಕಳೆದುಕೊಂಡರೂ ಆಟದಲ್ಲಿ ಉಳಿಯುತ್ತಾರೆ. ಒಂದೂ ಇಲ್ಲದಿದ್ದರೆ ಬಲಿ ಇಲ್ಲ, ಎಲ್ಲರೂ ಹೋರಾಡಿ. ಬರಿಗೈ ತೆರೆದವರನ್ನು ಯಾರೂ ಏನೂ ಅನ್ನಬಾರದು. ಈ ಕೊನೆಯ ಮಾತು ನಡೆಯದಿದ್ದರೆ ಬೀಜದ ಉಪಾಯಕ್ಕೆ ಬೆಲೆಯಿಲ್ಲ.

ಐದನೆಯ ಹೆಜ್ಜೆ: ದಾಳ ಕೈಬಿಡುವ ಮುನ್ನ ಹೇಳಿಕೆ

ಪ್ರಾಣ ಕೊಡುವವರು ಮೂರು ಸಂಗತಿಗಳನ್ನು ಬಾಯಿಬಿಟ್ಟು ಹೇಳಲಿ: ಏನು ಮಾಡುತ್ತೇನೆ, ಇದರಿಂದ ಯಾರು ಸಾಯಬಹುದು, ಏನು ಸಿಗುತ್ತದೆ. ‘ಈ ಚೌಕಕ್ಕೇ ಸೀಸೆ ಎಸೆಯುತ್ತೇನೆ, ನಾನು ಮಾತ್ರ ಸಾಯುತ್ತೇನೆ, ದೈತ್ಯ ಜಾಂಬಿಯೂ ಸಾಯುತ್ತದೆ.’ ಅಷ್ಟು ಸಾಕು. ಆಕ್ಷೇಪ ಇದ್ದವರು ಆಗಲೇ ಎತ್ತಬೇಕು. ಆ ಚೌಕದಲ್ಲಿ ಇನ್ನೊಬ್ಬರ ಕಾಯಿ ಇದ್ದರೆ ಅವರ ಒಪ್ಪಿಗೆಯಿಲ್ಲದೆ ಎಸೆಯುವಂತಿಲ್ಲ. ಪುಸ್ತಕ ಇದನ್ನು ಕೇಳುವುದಿಲ್ಲ, ಇದು ನಾನು ಒತ್ತಿ ಹೇಳುವ ಮನೆಯ ಪದ್ಧತಿ. ದಾಳ ಉರುಳಿದ ಮೇಲೆ ಹಿಂದಕ್ಕೆ ತೆಗೆಯುವ ಮಾತಿಲ್ಲ, ಹೊಸಬರಿಗೆ ಮಾತ್ರ ಮೊದಲ ಆಟದಲ್ಲಿ ಒಮ್ಮೆ ವಿನಾಯಿತಿ ಕೊಡಿ.

ಆರನೆಯ ಹೆಜ್ಜೆ: ಸತ್ತವರನ್ನು ನೋಡಿಕೊಳ್ಳುವುದು

ಡೆಡ್ ಆಫ್ ವಿಂಟರ್‌ನಲ್ಲಿ ಎಲ್ಲ ಪಾತ್ರಗಳೂ ಹೋದರೆ ಹೊಸ ಪಾತ್ರ ಸಿಗುತ್ತದೆ. ಜಾಂಬಿಸೈಡ್‌ನಲ್ಲಿ ಒಂದೇ ಪಾತ್ರ ಇದ್ದವರು ಸತ್ತರೆ ಉಳಿದ ಗಂಟೆಯೆಲ್ಲ ಕೈಕಟ್ಟಿ ಕೂರಬೇಕು. ಗುಂಪಿಗಾಗಿ ಸತ್ತವರು ಮೊಬೈಲ್ ತೆಗೆದು ಮೂಲೆ ಸೇರುವುದನ್ನು ನೋಡಿಕೊಂಡು ಉಳಿದವರು ಗೆಲುವಿನತ್ತ ಓಡುವುದು ನನಗೆ ಸರಿಕಾಣದು. ಎರಡು ಪಾತ್ರ ಇರುವವರು ಒಂದನ್ನು ಅವರಿಗೆ ಬಿಟ್ಟುಕೊಡಲಿ. ಅದೂ ಇಲ್ಲದಿದ್ದರೆ ಜಾಂಬಿ ಎಲೆ ತೆಗೆದು ಮಣೆಯ ಮೇಲೆ ಜಾಂಬಿಗಳನ್ನು ನಡೆಸುವ ಕೆಲಸ ಅವರಿಗೆ ವಹಿಸಿ. ಸತ್ತವರೂ ಸಲಹೆ ಕೊಡಬಹುದು, ಪಕ್ಷ ಒಂದೇ ಅಲ್ಲವೇ.

ಸತ್ತವರ ಕಡೆಯಿಂದಲೂ ಒಂದು ಮರ್ಯಾದೆ ಬೇಕು. ‘ನಾನು ನಿಮಗಾಗಿ ಪ್ರಾಣ ಕೊಟ್ಟೆ, ನೀವು ಹೀಗೆ ಆಡುತ್ತೀರಾ’ ಎಂದು ಪ್ರತಿ ಸುತ್ತಿನಲ್ಲೂ ನೆನಪಿಸುವುದು ಕೊಟ್ಟದ್ದನ್ನು ಸಾಲವಾಗಿ ಬದಲಿಸುತ್ತದೆ. ಕೊನೆಗೆ ಆಟ ಸೋತರೂ ಅವರ ಸಾವಿನ ಲೆಕ್ಕ ತೆಗೆಯಬೇಡಿ.

ಏಳೆಂಟು ವರ್ಷದ ಮಕ್ಕಳು ಕೂತಿದ್ದರೆ ಈ ಪೆಟ್ಟಿಗೆಗಳನ್ನು ಮುಚ್ಚಿಡಿ. 2018ರಲ್ಲಿ ಬಂದ ಜಾಂಬಿ ಕಿಡ್ಸ್ ಎವಲ್ಯೂಷನ್ ಇದೆ. ಅದರಲ್ಲಿ ಯಾರೂ ಸಾಯುವುದಿಲ್ಲ. ಶಾಲೆಯ ನಾಲ್ಕು ಬಾಗಿಲಿಗೆ ಬೀಗ ಹಾಕಬೇಕು, ಒಂದೊಂದು ಬೀಗಕ್ಕೂ ಇಬ್ಬರು ಒಂದೇ ಬಾಗಿಲಿನಲ್ಲಿ ಸೇರಬೇಕು. ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಒಬ್ಬರಿಗೊಬ್ಬರು ಕಾಯುವುದನ್ನು ಅದು ಸೊಗಸಾಗಿ ಕಲಿಸುತ್ತದೆ.

ಆಟ ಮುಗಿದ ಮೇಲೆ

ಅಂದು ಮಾಡಿದ ತೀರ್ಮಾನಗಳನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಮುಚ್ಚಳದ ಒಳಗಿಡಿ, ಯಾವ ಆವೃತ್ತಿಗೆ ಎಂಬುದೂ ಇರಲಿ. ನಮ್ಮ ಪೆಟ್ಟಿಗೆಯ ಚೀಟಿಯಲ್ಲಿ ‘ಹೆಚ್ಚಿನ ಗಾಯವೆಲ್ಲ ಒಬ್ಬರಿಗೇ ಹಾಕಬಹುದು’, ‘ಸದ್ದು ಮಾಡುವ ಮೊದಲು ಸಾಮಾನು ದಾಟಿಸಿ’ ಎಂಬಂಥ ಸಾಲುಗಳಿವೆ. ಮುಂದಿನ ವಾರ ಯಾರಿಗಾದರೂ ತೀರ್ಮಾನ ಸರಿಯಿಲ್ಲ ಎನಿಸಿದರೆ ಆಟ ಹಾಸುವ ಮೊದಲು ಹೇಳಿ ಬದಲಿಸಿಕೊಳ್ಳಬಹುದು. ತಟ್ಟೆ ಇಡ್ಲಿ ತಿಂದ ಕೈಯಲ್ಲಿ ಎಲೆ ಮುಟ್ಟಬಾರದು ಎಂಬುದನ್ನೂ ಅದರಲ್ಲೇ ಸೇರಿಸಿ. ತುಪ್ಪದ ಕಲೆ ಬಿದ್ದ ಎಲೆ ಯಾವುದೆಂದು ಬೆನ್ನು ನೋಡಿಯೇ ಗುರುತು ಹಿಡಿಯಬಹುದು, ಅದೂ ಒಂದು ಬಗೆಯ ಮೋಸವೇ.

ಇನ್ನು ರಾತ್ರಿ ಮಧುಗಿರಿಗೋ ಸಿರಾಕ್ಕೋ ಬಸ್ ಹಿಡಿಯಬೇಕಾದವರ ವಿಷಯ. ಹೊತ್ತಾಯಿತೆಂದು ಇವರು ತಮ್ಮ ಕಾಯಿಯನ್ನು ಜಾಂಬಿಗಳ ನಡುವೆ ನಿಲ್ಲಿಸಿ ಸತ್ತು ಎದ್ದು ಹೋಗುವುದುಂಟು. ಉಳಿದವರಿಗೆ ಆಯುಧವೂ ಹೋಯಿತು, ಜೊತೆಯೂ ಹೋಯಿತು. ಎಷ್ಟು ಗಂಟೆಗೆ ಹೊರಡಬೇಕೆಂದು ಕೂರುವಾಗಲೇ ಹೇಳಿಬಿಡಿ. ಹೊರಡುವಾಗ ಕಾಯಿಯನ್ನು ಪಕ್ಕದವರ ಕೈಗೆ ಕೊಟ್ಟು, ಯಾವುದಕ್ಕೆ ಉಳಿಸಬೇಕು, ಬೇಕಾದರೆ ಬಲಿಕೊಡಬಹುದೇ ಎಂಬುದನ್ನೂ ತಿಳಿಸಿ ಹೋಗಿ. ಪಕ್ಕದವರು ಆ ಮಾತಿನಂತೆ ನಡೆಸಲಿ, ಗೆದ್ದರೋ ಸೋತರೋ ಎಂಬುದನ್ನು ಅಂದು ರಾತ್ರಿಯೇ ಫೋನ್ ಮಾಡಿ ಹೇಳಲಿ.